ಬೇಡ ಎನ್ನದ ಮನೆಯವರು

ದೆಹಲಿ
12 ಆಗಸ್ಟ್ 2006

ಅಕ್ಕ,

ಇದನ್ನು ಮನೆಗೆ ಹಾಕದೆ ಕೊಪ್ಪಕ್ಕೆ, ನಿನ್ನ ಸ್ಕೂಲಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಎನ್.ಆರ್.ಪುರಕ್ಕೆ ಹಾಕಿದರೆ ಅಪ್ಪಾಜಿ ಅಂಗಡಿಯಲ್ಲೇ ಒಡೆದು ಗಿರಾಕಿಗಳ ಎದುರು ಓದಿಬಿಡುತ್ತಾರೆ. ಫೋನ್ ಮಾಡೋಣವೆಂದರೆ ಅದೂ ಅಂಗಡಿಯಲ್ಲೇ. ಬಟ್ಟೆ ಅಳೆಯುತ್ತ ಒಂದು ಕಿವಿ ಇತ್ತ ಕಡೆಯೇ ಇಟ್ಟಿರುತ್ತಾರೆ.

ಕನ್ನಡದಲ್ಲಿ ತಪ್ಪು ಹುಡುಕಬೇಡ ಟೀಚರಮ್ಮ. ಐದನೇ ಕ್ಲಾಸಿಗೇ ಮಂಗಳೂರಿನ ಹಾಸ್ಟೆಲಿಗೆ ಹಾಕಿದರೆ ಇಷ್ಟೇ ಬರುವುದು. ಇಂಗ್ಲಿಷ್ ಆದರೂ ಪೂರ್ತಿ ಬಂತಾ? ಬಂದಿದೆ ಅಂದುಕೊಂಡಿದ್ದೆ. ಇಲ್ಲಿಯ ಹುಡುಗಿಯರು ನಿದ್ದೆಯಲ್ಲೂ ಇಂಗ್ಲಿಷಿನಲ್ಲೇ ಗೊಣಗುತ್ತಾರೆ. ನಾನು ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಬೇಕಾದರೆ ಮೊದಲು ನೋಟ್ಸಿನ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ. ಬರೆದು ಮುಗಿಸುವಷ್ಟರಲ್ಲಿ ಮೇಡಂ ಮುಂದಕ್ಕೆ ಹೋಗಿರುತ್ತಾರೆ.

ಎಂ.ಎ. ಅಂದರೆ ಓದಿ ಪರೀಕ್ಷೆ ಬರೆಯುವುದು ಅಂದುಕೊಂಡಿದ್ದೆನಲ್ಲ, ಅಲ್ಲ. ಮೊದಲ ವರ್ಷವೇ ರಿಸರ್ಚ್ ಮಾಡಬೇಕು. ಅಪ್ಲೈಡ್ ಮೈಕ್ರೋಎಕನಾಮಿಕ್ಸ್ ಕಲಿಸುವ ಮೇಡಂ ಹೇಳಿದ್ದು ಇಷ್ಟು: ಬೆಲೆಯೇ ಇಲ್ಲದ ಒಂದು ಮಾರುಕಟ್ಟೆ ಹುಡುಕಿ, ಅಲ್ಲಿಯ ಜನರನ್ನು ಮಾತಾಡಿಸಿ, ಯಾರಿಗೆ ಯಾರು ಸಿಕ್ಕರು, ಯಾಕೆ ಸಿಕ್ಕರು ಎಂದು ಬರೆಯಿರಿ. ಆಸ್ಪತ್ರೆಗೆ ಡಾಕ್ಟರು, ಕಾಲೇಜಿಗೆ ಹುಡುಗರು, ಗಂಡಿಗೆ ಹೆಣ್ಣು. "ಮದುವೆಗೆ ಬೆಲೆ ಇಲ್ಲವಾ ಮೇಡಂ?" ಎಂದು ಪಾಟ್ನಾದ ಹುಡುಗನೊಬ್ಬ ಕೇಳಿದ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಯಾಕೆಂದರೆ ಮೇಡಂ ಆಗ ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ನಮ್ಮ ಮನೆಯ ಕಥೆ. ಒಂದು ಕಡೆಯವರು ಕೇಳುತ್ತಾರಂತೆ. ಇನ್ನೊಂದು ಕಡೆಯವರು ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದೂ ಇಲ್ಲ. ಹಿಡಿದಿಟ್ಟುಕೊಂಡು, ಇನ್ನೂ ಒಳ್ಳೆಯದು ಬರುತ್ತದೋ ನೋಡುತ್ತಾರೆ. ಆದರೆ ಪುಸ್ತಕದಲ್ಲಿ ಒಂದು ನಿಯಮ ಇದೆ ಅಕ್ಕ. ಒಂದು ಸಲಕ್ಕೆ ಒಂದನ್ನೇ ಹಿಡಿಯಬಹುದು. ಉಳಿದವರಿಗೆ ಆಗಲೇ ಬೇಡ ಎಂದು ಹೇಳಿಬಿಡಬೇಕು, ಅವರು ತಮ್ಮ ದಾರಿ ನೋಡಿಕೊಳ್ಳಲಿ ಎಂದು.

ಬಾಳೆಹೊನ್ನೂರಿನ ಧರ್ಮಪ್ಪನವರು ಮಗನನ್ನು ಕರೆದುಕೊಂಡು ನಿನ್ನನ್ನು ನೋಡಲು ನಮ್ಮ ಮನೆಗೆ ಬಂದದ್ದು ಫೆಬ್ರವರಿಯಲ್ಲಿ. ಅಮ್ಮ ಮಾಡಿದ ಕೇಸರಿಬಾತು ಎರಡು ಸಲ ಹಾಕಿಸಿಕೊಂಡರು. ನಿನ್ನನ್ನು ಒಂದು ಮಾತೂ ಕೇಳದೆ, "ವೀರಪ್ಪೋರೆ, ಈ ಬಾವಿ ಬೇಸ್ಗೇಲಿ ಬತ್ತುತ್ತಾ?" ಎಂದು ಅಪ್ಪಾಜಿಯನ್ನು ಕೇಳಿದರು. ಆ ಮಗ ಗಂಗಾಧರ್ ಬಾಯಿಯನ್ನೇ ಬಿಡಲಿಲ್ಲ. "ಹೇಳಿ ಕಳಿಸ್ತೀವಿ" ಎಂದು ಎದ್ದು ಹೋದವರು ಇನ್ನೂ ಹೇಳಿ ಕಳಿಸುತ್ತಲೇ ಇದ್ದಾರೆ.

ನನ್ನ ಪೇಪರ್ ಸಿಕ್ಕಿತು. ದಸರಾ ರಜೆಗೆ ಬರುತ್ತೇನೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ಕಡೆ ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಗಳಿಗೆ ಹೋಗುತ್ತೇನೆ. ಧರ್ಮಪ್ಪನವರ ಮನೆಯ ಮಾನ ಹೇಗೆ ತೆಗೆಯುವುದೆಂದು ಆಮೇಲೆ ಯೋಚಿಸುತ್ತೇನೆ.

ನಿನ್ನ
ಸುಮನಾ


ಕೊಪ್ಪ
25 ಆಗಸ್ಟ್ 2006

ಸುಮಿ,

ನಿನ್ನ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಪುಟ್ಟಕ್ಕ ಟೀಚರು, "ಎಂತ ಮಾರಾಯ್ತಿ, ಲವ್ ಲೆಟರಾ? ಮುಖ ನೋಡು" ಎಂದು ಪೂರ್ತಿ ಪೀರಿಯಡ್ ರೇಗಿಸಿದರು. ಹೌದು, ನನ್ನ ತಂಗಿಗೆ ಒಬ್ಬರ ಮೇಲೆ ಬಹಳ ಪ್ರೀತಿ ಹುಟ್ಟಿದೆ ಅಂದೆ.

ಊಟ ಸರಿಯಾಗಿ ಮಾಡುತ್ತೀಯೋ ಇಲ್ಲವೋ ಬರೆಯಲೇ ಇಲ್ಲ. ಅಮ್ಮ ಚಟ್ನಿಪುಡಿ ಕುಟ್ಟಿಸಿ ಇಟ್ಟಿದ್ದಾಳೆ, ಬಂದಾಗ ಒಯ್ಯಿ. ಮೀನಾಮೇಷ ಎಣಿಸದೆ ಕ್ಲಾಸಿನಲ್ಲಿ ಕೈ ಎತ್ತು. ನನ್ನ ಮಕ್ಕಳಲ್ಲಿ ಕೈ ಎತ್ತದವರೇ ಹೆಚ್ಚು ಬುದ್ಧಿವಂತರು, ಆದರೆ ಅದು ಪರೀಕ್ಷಕರಿಗೆ ಹೇಗೆ ಗೊತ್ತಾಗಬೇಕು?

ಇಲ್ಲಿ ಎಲ್ಲ ಮೊದಲಿನಂತೆಯೇ. ಷಡಕ್ಷರಿ ವಾರಕ್ಕೊಮ್ಮೆ ಅಂಗಡಿಗೆ ಬಂದು ಕಾಫಿ ಕುಡಿದು ಹೋಗುತ್ತಾರೆ. ಸಂಬಂಧ ಕುದುರಿಸುವವರಿಗೆ ಕಾಫಿ ಇಲ್ಲ ಅನ್ನಲು ಆಗುತ್ತದೆಯೆ? ಅಪ್ಪಾಜಿ, "ಬೇರೆ ಯಾವುದಾದ್ರೂ ಗಂಡು ನೋಡ್ತೀರಾ?" ಅಂದರೆ ಅವರು ಕಿವಿ ಮುಚ್ಚಿಕೊಳ್ಳುತ್ತಾರೆ. "ಶಿವ ಶಿವ, ಒಂದು ಕಡೆ ಮಾತು ನಡೀತಿರೋವಾಗ ಇನ್ನೊಂದು ಎತ್ತಾದಾ? ಅವರು ಬ್ಯಾಡ ಅಂದಿಲ್ವಲ್ಲ ಸ್ವಾಮಿ." ಬೇಡ ಅನ್ನುವ ತನಕ ಹೆಣ್ಣಿನ ಮನೆಗೆ ಇನ್ನೊಬ್ಬ ಬರುವಂತಿಲ್ಲ. ಗಂಡಿನ ಮನೆಯವರು ಬೇಡ ಅನ್ನುವುದೂ ಇಲ್ಲ. ಹೀಗೆ ನಡೆದಿದೆ.

ಗಂಗಾಧರನ ವಿಷಯ ನನಗೆ ಬಿಡು ಸುಮಿ. ನೀನು ಬೇರೆ ಯಾವುದಾದರೂ ಮಾರುಕಟ್ಟೆ ಹುಡುಕು. ಶುಂಠಿ ಇದೆ, ಕಾಳುಮೆಣಸು ಇದೆ.

ದಾಕ್ಷಾಯಿಣಿ


ದೆಹಲಿ
9 ಅಕ್ಟೋಬರ್ 2006

ಅಕ್ಕ,

ಮನೆಯಲ್ಲಿದ್ದಷ್ಟು ದಿನ ಇದು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ತಡೆಯುತ್ತೀಯ ಎಂದು ಹೇಳಲಿಲ್ಲ. ಈಗ ತಡೆಯಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಬಸ್ ಹತ್ತಿ ಹೋಗಿ ಸಂಜೆಗೆ ಬರುತ್ತಿದ್ದೆನಲ್ಲ, ಮೆಣಸೆ, ಅಡ್ಡಗದ್ದೆ, ಕೊಪ್ಪ ಪೇಟೆ, ಬಾಳೆಹೊನ್ನೂರಿನ ಆಚೆ ಈಚೆ ಎಲ್ಲ ಸುತ್ತಿದೆ. ಮೊದಲ ಮನೆಯ ಬಾಗಿಲಿನಲ್ಲಿ ನಿಂತಾಗ ಬಾಯಿ ಒಣಗಿ, "ನಾನು ಸರ್ವೆ" ಅಂದೆ. "ಯಾವ ಸರ್ವೆ? ಜಾಗದ್ದಾ?" ಎಂದು ಆ ಯಜಮಾನರು ಚಪ್ಪಲಿ ಹಾಕಿಕೊಂಡು ಬೇಲಿ ತೋರಿಸಲು ಹೊರಟೇಬಿಟ್ಟರು. ಆಮೇಲೆ ಕಲಿತೆ. ವೀರಪ್ಪನವರ ಕಿರಿಮಗಳು, ಡೆಲ್ಲಿಯಲ್ಲಿ ಓದುತ್ತೇನೆ ಅಂದರೆ ಮಜ್ಜಿಗೆ ಬರುತ್ತದೆ, ಮಜ್ಜಿಗೆಯ ಹಿಂದೆ ಮಾತು ಬರುತ್ತದೆ.

ಜಯಪುರದ ಹತ್ತಿರ ಸುಮಿತ್ರಮ್ಮ ಅಂತ, ಅವರ ಮಗಳು ಸರೋಜ. "ನೋಡಾಕೆ ಬಂದಿದ್ರು ಕಣಮ್ಮ, ಹೋದ ವರ್ಷ ಕಾರ್ತೀಕದಲ್ಲಿ. ಇನ್ನೂ ಏನೂ ಹೇಳಿ ಕಳ್ಸಿಲ್ಲ. ಹುಡುಗನ ಅಪ್ಪ ಹುಡುಗೀನ ಬಿಟ್ಟು ನಮ್ ಬಾವಿ ನೋಡ್ಕಂಡು ಹೋದ್ರು" ಅಂದರು.

ನಾನು ಲೋಟ ಕೆಳಗಿಟ್ಟೆ. "ಬೇಸಿಗೆಯಲ್ಲಿ ಬತ್ತುತ್ತಾ ಅಂತ ಕೇಳಿದರಾ?"

"ನಿಂಗೆ ಹೆಂಗೆ ಗೊತ್ತು?"

ಅಲ್ಲಿಂದ ಮುಂದೆ ಪ್ರತಿ ಮನೆಯಲ್ಲೂ ಬಾವಿಯ ವಿಷಯ ಕೇಳಿದೆ. ಅಕ್ಕ, ಐದು ಮನೆ. ನಮ್ಮದೂ ಸೇರಿ ಐದು ಮನೆಯ ಹುಡುಗಿಯರನ್ನು ಆ ಧರ್ಮಪ್ಪ ಏಕಕಾಲಕ್ಕೆ ಹಿಡಿದಿಟ್ಟುಕೊಂಡಿದ್ದಾನೆ. ಪುಸ್ತಕದಲ್ಲಿ ಒಂದೇ. ಇವನ ಕೈಯಲ್ಲಿ ಐದು. ಐದೂ ಮನೆಯಲ್ಲಿ ಅದೇ ಷಡಕ್ಷರಿ ಅದೇ ಕಾಫಿ ಕುಡಿಯುತ್ತಾರೆ. ಅವನಿಗೇನು ನಷ್ಟ? ಕಾಯುವುದರಲ್ಲಿ ವಯಸ್ಸಾಗುವುದು ಹುಡುಗಿಯರಿಗೆ.

ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಹೇಳಬಾರದು ಎಂದು ಮೇಡಂ ನಮ್ಮಿಂದ ಮಾತು ತೆಗೆದುಕೊಂಡು ಕಳಿಸಿದ್ದರು. ನಾನು ಹೇಳಿದೆ. ಮತ್ತೆ ಸುಮಿತ್ರಮ್ಮನ ಮನೆಗೇ ಹೋಗಿ ಹೇಳಿದೆ. ಅವರು ಒನಕೆ ಹುಡುಕುವವರಂತೆ ಅಡುಗೆಮನೆಯ ಸುತ್ತ ನೋಡಿದರು. "ನನ್ ಮಗಳು ಇವನಿಗೆ ಸಂತೇಲಿ ಮುಟ್ಟಿ ನೋಡೋ ಬದ್ನೇಕಾಯಾ?" ಅಂದರು.

"ಬೇಡ ಅನ್ನಿ" ಅಂದೆ.

"ಹೆಣ್ಣಿನ ಕಡೆಯೋರು ಬ್ಯಾಡ ಅಂದಿದ್ದು ಯಾವ ಕಾಲದಲ್ಲಿ ಕೇಳಿದೀಯ ನೀನು?"

"ಒಬ್ಬರೇ ಅಂದರೆ ಕಷ್ಟ. ಎಲ್ಲರೂ ಒಂದೇ ದಿನ ಅಂದರೆ?"

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಹಬ್ಬದ ದಿನ ಆದ್ರೆ ನೆಂಟ್ರೆಲ್ಲ ಇರ್ತಾರೆ ಅವ್ರ ಮನೇಲಿ" ಅಂದರು. ನನಗೆ ಅವರ ಕಾಲು ಹಿಡಿಯುವಷ್ಟು ಪ್ರೀತಿ ಬಂತು. ಉಳಿದ ಮೂರು ಮನೆಗಳಿಗೆ ಅವರೇ ನನ್ನ ಜೊತೆ ಬಂದರು.

ದೀಪಾವಳಿ ಪಾಡ್ಯದ ದಿನ, ಧರ್ಮಪ್ಪನವರ ಮನೆಯಲ್ಲಿ ಎಲೆ ಹಾಕುವ ಹೊತ್ತಿಗೆ, ಒಂದೊಂದು ಮನೆಯಿಂದ ಒಬ್ಬೊಬ್ಬರು ಹೋಗಿ ಪಡಸಾಲೆಯಲ್ಲಿ ನಿಂತು "ನಮ್ಮ ಹುಡುಗಿಗೆ ನಿಮ್ಮ ಹುಡುಗ ಬೇಡ" ಅನ್ನುತ್ತಾರೆ. ಐದನೆಯದು ನಮ್ಮದು. ಅಪ್ಪಾಜಿಯನ್ನು ನೀನು ಒಪ್ಪಿಸು. ಒಪ್ಪದಿದ್ದರೆ ಅಮ್ಮನನ್ನಾದರೂ ಕಳಿಸು. ಹಾಸ್ಟೆಲಿನಲ್ಲಿ ಇಷ್ಟು ವರ್ಷ ಇನ್ನೊಬ್ಬರು ಹಾಕಿದ್ದನ್ನು ತಿಂದುಕೊಂಡು ಬಾಯಿ ಮುಚ್ಚಿಕೊಂಡು ಬೆಳೆದವಳು ನಾನು. ಯಾರನ್ನಾದರೂ ಹೀಗೆ ನೆಲಕ್ಕೆ ಕೆಡವುತ್ತಿರುವುದು ಇದೇ ಮೊದಲು. ಎಷ್ಟು ಖುಷಿಯಾಗುತ್ತಿದೆ ಗೊತ್ತಾ?

ಸುಮನಾ


ಕೊಪ್ಪ
16 ಅಕ್ಟೋಬರ್ 2006

ಸುಮಿ,

ಇದನ್ನು ನಿಲ್ಲಿಸು.

ಎಸ್‌ಟಿಡಿ ಬೂತಿನಿಂದ ನಿನ್ನ ಹಾಸ್ಟೆಲಿಗೆ ಮತ್ತೆ ಮತ್ತೆ ಮಾಡಿದೆ. ಎತ್ತಿದವರು ಹಿಂದಿಯಲ್ಲಿ ಏನೋ ಅಂದು ಇಟ್ಟುಬಿಟ್ಟರು. ಈ ಪತ್ರ ಸಿಕ್ಕ ಕೂಡಲೇ ಸುಮಿತ್ರಮ್ಮನಿಗೆ ಫೋನ್ ಮಾಡು. ನಾನೇ ಹೋಗಿ ತಡೆದರೆ, ಆ ಗಂಡು ತನಗೇ ಬೇಕೆಂದು ಅವರ ಮಾನ ಉಳಿಸಲು ಬಂದಿದ್ದಾಳೆ ಅನ್ನುತ್ತಾರೆ.

ನೀನು ಎಷ್ಟೊಂದು ಮನೆಗೆ ಹೋದೆ, ಎಷ್ಟೊಂದು ಜನರನ್ನು ಕೇಳಿದೆ. ನನ್ನನ್ನು ಕೇಳಿದೆಯಾ? ಒಂದೇ ಮನೆಯಲ್ಲಿ, ಒಂದೇ ಚಾಪೆಯ ಮೇಲೆ ಮಲಗಿದ್ದೆವು.

ಕೇಳಿದ್ದರೆ ಹೇಳುತ್ತಿದ್ದೆ. ನಾನು ಸರ್ಕಾರಿ ಶಾಲೆಯ ಕೆಲಸಕ್ಕೆ ಪರೀಕ್ಷೆ ಬರೆದಿದ್ದೇನೆ. ಅಪ್ಪಾಜಿಗೆ ಗೊತ್ತಿಲ್ಲ. ಆಯ್ಕೆಯಾಗಿದೆ ಎಂದು ತಿಳಿದಿದೆ. ಯಾವ ಊರು ಎಂಬ ಆರ್ಡರ್ ಬರಬೇಕು. ಅದು ಬರುವ ತನಕ ನನ್ನನ್ನು ಯಾರೂ ನೋಡಲು ಬರಬಾರದು, ಯಾರೂ ಒಪ್ಪಬಾರದು. ಮದುವೆ ಗೊತ್ತಾದರೆ ಅಪ್ಪಾಜಿ ಕೆಲಸ ಬಿಡಿಸುತ್ತಾರೆ. ಧರ್ಮಪ್ಪನವರು ಹೂಂ ಅನ್ನದೆ ಊಹೂಂ ಅನ್ನದೆ ಕೂತಿದ್ದರಲ್ಲ, ಅದರಿಂದಲೇ ನಾನು ದಿನಾ ಬೆಳಿಗ್ಗೆ ಕೊಪ್ಪದ ಬಸ್ ಹತ್ತುತ್ತಿದ್ದೇನೆ. "ಮಾತು ನಡೀತಿದೆ, ಅಲ್ಲೀ ತನಕ ಹೋಗ್ಲಿ ಬಿಡು" ಎಂದು ಅಪ್ಪಾಜಿ ಸುಮ್ಮನಿದ್ದಾರೆ. ಷಡಕ್ಷರಿ ಬಂದಾಗಲೆಲ್ಲ ಆ ಕಾಫಿಗೆ ನಾನೇ ಸಕ್ಕರೆ ಜಾಸ್ತಿ ಹಾಕುತ್ತೇನೆ.

ಅವಮಾನ ಆಗಿರಲಿಲ್ಲವಾ ಅಂತ ಕೇಳಬಹುದು. ಆಗಿತ್ತು. ಆ ಅವಮಾನವನ್ನೇ ಕೊಡೆ ಮಾಡಿಕೊಂಡು ಅದರ ಅಡಿಯಲ್ಲಿ ನಿಂತಿದ್ದೆ.

ನಮ್ಮ ಮನೆಯಿಂದ ಬೇಡ ಎಂದು ಯಾರೂ ಹೋಗುವುದಿಲ್ಲ. ಉಳಿದವರನ್ನೂ ನಿಲ್ಲಿಸು.

ದಾಕ್ಷಾಯಿಣಿ


ದೆಹಲಿ
27 ಅಕ್ಟೋಬರ್ 2006

ಅಕ್ಕ,

ಹಬ್ಬದ ರಜೆ ಮುಗಿಸಿ ಪೋಸ್ಟ್‌ಮ್ಯಾನ್ ನಿನ್ನ ಪತ್ರ ತಂದದ್ದು ನಿನ್ನೆ. ಅದಕ್ಕೂ ಮೊದಲೇ ನನಗೆ ಗೊತ್ತಾಗಿತ್ತು.

ಮೊನ್ನೆ ಸೆಮಿನಾರಿನಲ್ಲಿ ನನ್ನ ಸರದಿ. ಊರಿನ ಹೆಸರು, ಜನರ ಹೆಸರು ಹೇಳದೆ ಐದು ಮನೆ, ಒಬ್ಬ ಗಂಡು ಎಂದು ಬೋರ್ಡಿನ ಮೇಲೆ ಬರೆದೆ. ಇಂಗ್ಲಿಷ್ ಎಲ್ಲೂ ತಡವರಿಸಲಿಲ್ಲ. ಮನೆಯವರು ಒಟ್ಟಾದರೆ ಗಂಡಿನ ಆಟ ಮುಗಿಯುತ್ತದೆ ಎಂದು ತೋರಿಸಿದೆ. ಪಾಟ್ನಾದ ಹುಡುಗ ಮೇಜು ಕುಟ್ಟಿದ. ಮೇಡಂ ಎದ್ದು ಬಂದು ನನ್ನ ಕೈಯಿಂದ ಚಾಕ್ ತೆಗೆದುಕೊಂಡು, ನಾಲ್ಕು ಮನೆಗಳ ಮೇಲೆ ಗೆರೆ ಎಳೆದು, "ಒಂದು ಮನೆ ಮಾತು ತಪ್ಪಿದರೆ?" ಎಂದು ಕೇಳಿದರು. ಬೋರ್ಡಿನಲ್ಲಿ ಒಂದೇ ಮನೆ ಉಳಿದಿತ್ತು. ಇಷ್ಟು ದಿನ ಹಿಡಿದಿಟ್ಟುಕೊಂಡವನಿಗೆ ಈಗ ಆ ಮನೆ ಬಿಟ್ಟರೆ ಬೇರೆ ದಾರಿ ಇಲ್ಲ. ಅವನು ನಾಳೆಯೇ ಹೂಂ ಅನ್ನುತ್ತಾನೆ.

ಉತ್ತರ ಗೊತ್ತಿತ್ತು. ಆ ಉಳಿದ ಮನೆ ನಮ್ಮದೇ ಎಂದೂ ಹೊಳೆಯಿತು, ಬೆಂಚಿಗೆ ಹೋಗಿ ಕೂತೆ.

ಅಪ್ಪಾಜಿ ಹೋಗಿರಲಾರರು ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಏನಾಯಿತು ಅಕ್ಕ? ಅಂಗಡಿಗೆ ಫೋನ್ ಮಾಡಿದರೆ ಅಪ್ಪಾಜಿ ಎತ್ತಿ, "ಬಾರಮ್ಮ ಬಾ, ರಜೆಗೆ ಬಾ" ಎಂದು ನಗುತ್ತಾರೆ. ಅವರು ಫೋನಿನಲ್ಲಿ ನಕ್ಕದ್ದು ನಾನು ಕೇಳಿಯೇ ಇಲ್ಲ. ಹೆದರಿಕೆಯಾಗುತ್ತಿದೆ.

ಸುಮನಾ


ಕೊಪ್ಪ
8 ನವೆಂಬರ್ 2006

ಸುಮನಾ,

ಕೇಳಿದೆಯಲ್ಲ, ಬರೆಯುತ್ತೇನೆ.

ಪಾಡ್ಯದ ದಿನ ನಾಲ್ಕು ಮನೆಯವರೂ ಹೋದರಂತೆ. ಧರ್ಮಪ್ಪನವರ ಮನೆಯಲ್ಲಿ ಪಂಕ್ತಿಗೆ ಬಡಿಸಿದ್ದ ಕಡುಬು ಎಲೆಯಲ್ಲೇ ಉಳಿಯಿತಂತೆ. ಸುಮಿತ್ರಮ್ಮ ಹೊರಡುವಾಗ, "ನಿಮ್ ಬಾವಿ ಹೆಂಗಿದೆ ಧರ್ಮಪ್ಪೋರೆ?" ಎಂದು ಕೇಳಿದರಂತೆ. ಬಾಳೆಹೊನ್ನೂರಿನಲ್ಲಿ ಬಸ್ ಕಂಡಕ್ಟರು ಕೂಡ ಈಗ ಅದನ್ನೇ ಹೇಳಿ ನಗುತ್ತಾರೆ. ನಿನ್ನ ಆಸೆ ಕೈಗೂಡಿತು, ಕುಣಿ.

ಮೂರನೆಯ ದಿನವೇ ಅವರು ನಮ್ಮ ಮನೆಗೆ ಬಂದರು. ಹೂವು, ಹಣ್ಣು, ಎಲೆ ಅಡಿಕೆ, ಮುಂದೆ ಷಡಕ್ಷರಿ. ಅಪ್ಪಾಜಿ ಅಂಗಡಿಯ ಬಾಗಿಲು ಎಳೆದುಕೊಂಡು ಓಡಿ ಬಂದರು.

"ತಡ ಆಯ್ತು ವೀರಪ್ಪೋರೆ, ಬೇಜಾರ್ ಮಾಡ್ಕಬ್ಯಾಡಿ" ಅಂದರು ಧರ್ಮಪ್ಪ. "ನಮ್ ಮನ್ಸಲ್ಲಿ ಮೊದ್ಲಿಂದ್ಲೂ ಇದ್ದಿದ್ದು ನಿಮ್ಮನೆ ಹುಡುಗೀನೇ."

ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಲೋಟದ ತಟ್ಟೆ ಹಿಡಿದು ನಿಂತಿದ್ದವಳು ಕೇಳಿದೆ. "ಮೊದ್ಲಿಂದ ಅಂದ್ರೆ, ಸರೋಜನ್ನ ನೋಡೋಕೆ ಮುಂಚೆನಾ ಆಮೇಲಾ?"

"ಹೆಣ್ಮಕ್ಳು ಹಂಗೆಲ್ಲ ಮಾತಾಡ್ಬಾರ್ದಮ್ಮ" ಅಂದರು ಷಡಕ್ಷರಿ.

"ನಾನು ಒಲ್ಲೆ" ಅಂದೆ. ಇಷ್ಟು ವರ್ಷ ಆ ಪಡಸಾಲೆಯಲ್ಲಿ ಅಷ್ಟು ಸಣ್ಣ ಮಾತನ್ನು ಯಾರೂ ಆಡಿರಲಿಲ್ಲ ಅಂತ ಕಾಣುತ್ತದೆ. ಅಪ್ಪಾಜಿ ನನ್ನನ್ನು ನೋಡಲಿಲ್ಲ, ಗೋಡೆಯನ್ನು ನೋಡಿದರು. ಗಂಗಾಧರ ಮೊದಲ ಸಲ ತಲೆ ಎತ್ತಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅದೊಂದು ಹೇಳಬೇಕು.

ಧರ್ಮಪ್ಪ ಅರ್ಧ ಎದ್ದು ಹಾಗೇ ನಿಂತರು. ಇನ್ನೂ ಒಂದು ಬೇಡವನ್ನು ಹೊತ್ತುಕೊಂಡು ನಮ್ಮ ಮೆಟ್ಟಿಲು ಇಳಿಯಲು ಅವರಿಗೆ ಆಗುತ್ತಿರಲಿಲ್ಲ. ಅಪ್ಪಾಜಿಗೆ ಅವರನ್ನು ಹಾಗೆ ಕಳಿಸಲು ಆಗುತ್ತಿರಲಿಲ್ಲ. ನನಗೆ ನೀನು ನೆನಪಾದೆ.

"ನನ್ ತಂಗಿ ಇದ್ದಾಳೆ" ಅಂದೆ. "ಡೆಲ್ಲೀಲಿ ಎಂ.ಎ. ಓದ್ತಿದಾಳೆ. ಇಂಗ್ಲಿಷ್ ಮೀಡಿಯಂ, ಹಾಸ್ಟೆಲಲ್ಲಿ ಬೆಳೆದೋಳು, ಶಿಸ್ತು ಇದೆ. ನಿಮ್ಮ ಮನೆ ವಿಷಯ ನನಗಿಂತ ಚೆನ್ನಾಗಿ ತಿಳ್ಕಂಡಿದಾಳೆ."

ಧರ್ಮಪ್ಪ ಕೂತರು. "ದೊಡ್ಡವಳಿದ್ದಾಗ ಚಿಕ್ಕವಳು..." ಎಂದು ಅಮ್ಮ ರಾಗ ಎಳೆದಳು. "ದೊಡ್ಡವಳೇ ಹೇಳ್ತಿದಾಳಲ್ಲ ಪ್ರೇಮಕ್ಕ" ಎಂದು ಷಡಕ್ಷರಿ ಬಾಯಿ ಮುಚ್ಚಿಸಿದರು. ಅಪ್ಪಾಜಿ, "ರಜೆಗೆ ಬಂದಾಗ ನೋಡಾಣ" ಅಂದರು. ಕಾಫಿ ಕುಡಿದು ಹೋದರು.

ಈಗ ಮಾತು ನಡೆಯುತ್ತಿರುವುದು ನಿನ್ನದು. ಒಂದು ಮನೆಯಲ್ಲಿ ಒಂದು ಮಾತು ನಡೆಯುವಾಗ ಇನ್ನೊಂದು ಎತ್ತುವುದಿಲ್ಲವಲ್ಲ, ನನ್ನ ಸುದ್ದಿಗೆ ಯಾರೂ ಬರುತ್ತಿಲ್ಲ. ಅಪ್ಪಾಜಿ ನನ್ನೊಡನೆ ಮಾತಾಡುವುದಿಲ್ಲ. ಕೊಪ್ಪದ ಬಸ್ ಹತ್ತಬೇಡ ಎಂದೂ ಹೇಳಿಲ್ಲ.

ನಿನ್ನನ್ನು ಓದಿಸಿದರು, ನನ್ನನ್ನು ಬಂದ ಬಂದವರಿಗೆ ತೋರಿಸಿದರು. ಸ್ವಲ್ಪ ದಿನ ನೀನೂ ನಿಂತು ನೋಡು. ಸೀರೆ ಕೊಳ್ಳಬೇಡ. ನನ್ನ ಹಸಿರು ಸೀರೆ ಇದೆ, ಅವರು ಅದನ್ನು ನೋಡಿದ್ದಾರೆ, ಆದರೂ ಗುರುತು ಹಿಡಿಯಲಾರರು.

ದಾಕ್ಷಾಯಿಣಿ


ದೆಹಲಿ
21 ನವೆಂಬರ್ 2006

ದಾಕ್ಷಾಯಿಣಿ ಅವರಿಗೆ,

ಮೂರು ಕಾಗದ ಬರೆದು ಹರಿದೆ. ಇದು ನಾಲ್ಕನೆಯದು, ಚಿಕ್ಕದು.

ಮೇಡಂಗೆ ನಿಜ ಹೇಳಿದೆ. ಕೊಟ್ಟ ಮಾತು ಮುರಿದು ಪಡೆದದ್ದು ರಿಸರ್ಚ್ ಅಲ್ಲ, ಚಾಡಿ ಎಂದರು. ಐದು ಮನೆಗಳನ್ನು ತೆಗೆದು ಪೇಪರ್ ಮೊದಲಿನಿಂದ ಬರೆಯಬೇಕು. ತೆಗೆದ ಮೇಲೆ ಅದರಲ್ಲಿ ಏನೂ ಉಳಿಯುವುದಿಲ್ಲ.

ನೀನು ಮಾಡಿದ್ದು ಮಾತ್ರ ಪುಸ್ತಕದಂತೆಯೇ ಇದೆ. ಲೆಕ್ಕದಲ್ಲಿ ತಪ್ಪೇ ಇಲ್ಲ. ಅದಕ್ಕೇ ನಿನ್ನನ್ನು ಕ್ಷಮಿಸಲು ಆಗುತ್ತಿಲ್ಲ. ಧರ್ಮಪ್ಪ ಹಿಡಿದಿಟ್ಟಾಗ ಅವರಿಗೆ ನಾವು ಯಾರೋ. ನಿನಗೆ ನಾನು ಯಾರೋ ಅಲ್ಲ.

ಚಳಿಗಾಲದ ರಜೆಗೆ ಬರುವುದಿಲ್ಲ. ನಾನು ಬರದಿದ್ದರೆ ಅವರು ಕಾಯುತ್ತಾರೆ, ಅವರು ಕಾಯುವಷ್ಟು ದಿನ ನಿನಗೆ ಅನುಕೂಲ. ಅದು ಗೊತ್ತು. ಆದರೂ ಬರುವುದಿಲ್ಲ. ನಿನಗೆ ಉಪಕಾರ ಮಾಡುತ್ತಿದ್ದೇನೆ ಎಂದು ತಿಳಿಯಬೇಡ. ಅವರು ಕಾಯಲಿ.

ಸುಮನಾ ವೀರಪ್ಪ


ಸಿರಿಮನೆ
18 ಫೆಬ್ರವರಿ 2007

ಸುಮಿ,

ವಿಳಾಸ ನೋಡು. ಆರ್ಡರ್ ಬಂತು. ಕಿಗ್ಗದಿಂದ ಒಳಗೆ, ಸಿರಿಮನೆಯ ಶಾಲೆ. ಎರಡು ಕೋಣೆ, ಒಂದು ಜಗುಲಿ, ಜಗುಲಿಯಲ್ಲಿ ಮೂರನೇ ಕ್ಲಾಸು. ಮಕ್ಕಳು ಮೊದಲ ದಿನ ನನ್ನನ್ನು ಜಲಪಾತ ನೋಡಲು ಬಂದವಳು ಅಂದುಕೊಂಡು ದಾರಿ ತೋರಿಸಿದರು. ಒಂದು ಮನೆಯ ಹಿಂಭಾಗ ಬಾಡಿಗೆಗೆ ಹಿಡಿದಿದ್ದೇನೆ. ಅಪ್ಪಾಜಿ ಬಸ್ ಸ್ಟ್ಯಾಂಡಿನ ತನಕ ಬರಲಿಲ್ಲ. ಟ್ರಂಕನ್ನು ಮಾತ್ರ ಅಂಗಡಿಯ ಆಳಿನ ಕೈಯಲ್ಲಿ ಹೊರಿಸಿ ಕಳಿಸಿದರು. ಅದರೊಳಗೆ ಎರಡು ಹೊಸ ಸೀರೆ ಇತ್ತು. ಅಮ್ಮನಿಗೆ ಅಂಥ ಬಣ್ಣ ಆರಿಸಲು ಬರುವುದಿಲ್ಲ.

ಧರ್ಮಪ್ಪನವರು ಇನ್ನೂ ಕಾಯುತ್ತಿದ್ದಾರೆ. ಷಡಕ್ಷರಿ ವಾರ ವಾರ ಬಂದು, "ಚಿಕ್ಕವಳು ಯಾವಾಗ ಬರ್ತಾಳೆ?" ಅನ್ನುತ್ತಾರಂತೆ. ಬೇರೆ ಯಾರೂ ಅವರಿಗೆ ಹೆಣ್ಣು ತೋರಿಸುತ್ತಿಲ್ಲ. ಸರೋಜನ ಮದುವೆ ಆಯಿತು, ಕಡೂರಿನ ಕಡೆ ಕೊಟ್ಟರು. ಸುಮಿತ್ರಮ್ಮ ನಿನ್ನ ವಿಳಾಸ ಕೇಳಿದರು, ಕೊಟ್ಟಿದ್ದೇನೆ.

ನನಗೆ ಈಗ ಯಾರ ಮರೆಯೂ ಬೇಕಿಲ್ಲ. ನಾನೇ ಎನ್.ಆರ್.ಪುರಕ್ಕೆ ಹೋಗಿ ನಿನ್ನ ಪರವಾಗಿ ಬೇಡ ಎಂಬ ಒಂದು ಮಾತು ಹೇಳಿ ಇದನ್ನು ಮುಗಿಸಬಹುದು. ಹೇಳುವುದಿಲ್ಲ. ನಾಲ್ಕು ಮನೆಯವರ ಬಾಯಲ್ಲಿ ಆ ಮಾತು ಹಾಕಿ ದೆಹಲಿಯ ರೈಲು ಹತ್ತಿದವಳು ನೀನು. ನಾನು ಅದನ್ನು ಅಪ್ಪಾಜಿಯ ಎದುರು ನಿಂತು ಹೇಳಿದೆ, ಕಾಫಿ ತಟ್ಟೆಗೆ ಚೆಲ್ಲಿತು.

ಬೇಸಿಗೆಯಲ್ಲಿ ಬಾ. ಮನೆಗೆ ಹೋಗು. ಅವರು ಬರುತ್ತಾರೆ. ನಾನು ಅಲ್ಲಿ ಇರುವುದಿಲ್ಲ.

ನಿನ್ನ
ಅಕ್ಕ